ಹಳೆಯ ಜೋಡಿ ನಳಿಗೆ ಬಂದೂಕು ಯಾವ ಕಾಲದ್ದೆಂದು ತಿಳಿಯುವುದು ಹೇಗೆ?

ಸೇಡಂ ಹತ್ತಿರದ ಹಳೆಯ ಮನೆಯಲ್ಲಿ ಮುತ್ತಜ್ಜನ ಜೋಡಿ ನಳಿಗೆ ಬಂದೂಕು ಇದೆ, ಮೇಲೆ 'ಲಂಡನ್' ಎಂದು ಕೆತ್ತಿದೆ, ಮನೆಯವರು ನಿಜಾಮರ ಕಾಲದ್ದು ಅನ್ನುತ್ತಾರೆ, ನಿಜಕ್ಕೂ ಎಷ್ಟು ಹಳೆಯದು ಎಂದು ಕೇಳಿದ್ದೀರಿ.

ನಿಜಾಮರ ಕಾಲ ಎಂದರೆ 1724ರಿಂದ 1948ರ ಸೆಪ್ಟೆಂಬರ್‌ವರೆಗೆ. ಅದರಿಂದ ಏನೂ ತಿಳಿಯದು. ಮೇಲಿನ ಹೆಸರನ್ನೂ ಸದ್ಯಕ್ಕೆ ಬದಿಗಿಡಿ. ಬಹಳ ಸಲ ಅದು ಮಾರಿದ ಅಂಗಡಿಯ ಹೆಸರು. ಕಲ್ಕತ್ತೆಯ ಮ್ಯಾಂಟನ್, ರೊಡ್ಡಾದಂಥ ಅಂಗಡಿಗಳ ಹೆಸರು ಹೊತ್ತ ಬಂದೂಕುಗಳು ನಮ್ಮ ದೇಶದಲ್ಲಿ ಸಾಕಷ್ಟಿವೆ. ಬೆಲ್ಜಿಯಂನಲ್ಲಿ ತಯಾರಾಗಿ ಇಂಗ್ಲಿಷ್ ಹೆಸರು ಹಾಕಿಸಿಕೊಂಡವೂ ಇವೆ. ನಿಜ ಹೇಳುವುದು ನಳಿಗೆಯ ಹೊಟ್ಟೆಯ, ಅಂದರೆ ಅಡಿಭಾಗದ, ಮುದ್ರೆಗಳು: ನಳಿಗೆ ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸಿ ಒತ್ತಿದ ಗುರುತುಗಳು.

ಮೊದಲು ಬಂದೂಕನ್ನು ನಡುವೆ ಮಡಚಿ ತೆರೆದು, ತೋಟಾ (ಕಾರ್ಟ್ರಿಜ್) ಕೂರುವ ಎರಡೂ ಕೋಣೆ ಖಾಲಿ ಇವೆಯೇ ನೋಡಿ, ಒಳಗೆ ಬೆರಳು ಹಾಕಿಯೂ ನೋಡಿ. ಹಳೆಯ ಮನೆಗಳಲ್ಲಿ ತೋಟಾ ಹಾಕಿಯೇ ಇಟ್ಟ ಬಂದೂಕು ಸಿಗುವುದುಂಟು. ಮುಚ್ಚಿ, ನಳಿಗೆಯ ಕೆಳಗಿನ ಮುಂದಿನ ಕಟ್ಟಿಗೆಯನ್ನು ಬಿಡಿಸಿ. ಮತ್ತೆ ತೆರೆದರೆ ನಳಿಗೆ ಕೊಂಡಿಯಿಂದ ಕಳಚಿ ಕೈಗೆ ಬರುತ್ತದೆ. ನಳಿಗೆ ಬೇರೆಯಾದಾಗ ಟ್ರಿಗರ್ ಒತ್ತಬೇಡಿ. ಹೊರಗೆ ಕುದುರೆ (ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆಯಂಥ ಭಾಗ) ಕಾಣದ ಬಂದೂಕುಗಳಲ್ಲಿ ಒಳಗಿನ ಕುದುರೆ ಬಿದ್ದುಬಿಟ್ಟರೆ ನಳಿಗೆಯನ್ನು ಮರಳಿ ಕೂರಿಸುವುದು ಕಷ್ಟ.

ಈಗ ಕೋಣೆಗಳ ಕೆಳಗೆ ಚಪ್ಪಟೆಯಾದ ಎರಡು ಪಟ್ಟಿ ಕಾಣುತ್ತವೆ. ಮುದ್ರೆಗಳು ಅಲ್ಲೇ. ಹಲವು ವರ್ಷ ಆಯುಧಪೂಜೆಗೆ ಇಟ್ಟ ಬಂದೂಕಾದರೆ ಅಕ್ಷರದ ಕುಳಿಗಳಲ್ಲಿ ಕುಂಕುಮ, ಎಣ್ಣೆ ಸೇರಿ ಗಟ್ಟಿಯಾಗಿರುತ್ತದೆ. ಹೊಲಿಗೆ ಮಷಿನ್ ಎಣ್ಣೆಯ ಎರಡು ಹನಿ ಬಿಟ್ಟು ಒಂದು ರಾತ್ರಿ ನೆನೆಯಲಿ, ಬೆಳಿಗ್ಗೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಉಪ್ಪುಕಾಗದ, ಹುಣಸೆಹಣ್ಣು, ಬೂದಿ ಯಾವುದೂ ಬೇಡ. ಮುದ್ರೆಯ ಅಂಚು ಅಳಿದರೆ ಬಂದೂಕಿನ ಜಾತಕವೇ ಹೋದಂತೆ. ಮನೆಯೊಳಗೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಓದಿ.

ಒಂದರ ಮೇಲೊಂದು ಅಡ್ಡ ಹಾಕಿದ ಎರಡು ರಾಜದಂಡ, ಮೇಲೆ ಕಿರೀಟ ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ 1904ಕ್ಕೆ ಮೊದಲು ಪರೀಕ್ಷೆಯಾದ ನಳಿಗೆ. ಕಿರೀಟದ ಕೆಳಗೆ 'ಬಿಪಿ', 'ಬಿವಿ' ಅಕ್ಷರಗಳಿದ್ದರೆ 1904ರ ನಂತರದ್ದು. 'ಒಂಟಿ ಗುಂಡು ಹಾರಿಸಲು ಅಲ್ಲ' ಎಂಬ ಅರ್ಥದ 'ನಾಟ್ ಫಾರ್ ಬಾಲ್' ಇದ್ದರೆ ನಿಮ್ಮ ಅದೃಷ್ಟ: ಬಾಯಿ ಕಿರಿದು ಮಾಡಿದ ನಳಿಗೆಗಳಿಗೆ 1875ರಿಂದ 1887ರವರೆಗೆ ಮಾತ್ರ ಅದನ್ನು ಒತ್ತುತ್ತಿದ್ದರು. ಆಮೇಲೆ ಅದರ ಜಾಗಕ್ಕೆ 'ಚೋಕ್' ಬಂತು. ವಜ್ರಾಕಾರದೊಳಗೆ 12 (ಬೋರ್, ಅಂದರೆ ನಳಿಗೆಯ ಅಗಲದ ಅಳತೆ), ಅದರ ಕೆಳಗೆ 'ಸಿ' ಇದ್ದರೆ 1887ರಿಂದ ಈಚೆಗೆ. ಕೋಣೆಯ ಉದ್ದವನ್ನೂ ಇಂಚಿನಲ್ಲಿ ಬರೆದಿದ್ದರೆ 1925ರ ನಂತರ. ಒತ್ತಡವನ್ನು ಟನ್ನುಗಳಲ್ಲಿ ಬರೆದಿದ್ದರೆ 1954ರ ನಂತರ. ಅಂಡಾಕಾರದೊಳಗೆ 'ಇಎಲ್‌ಜಿ' ಕಂಡರೆ ಅದು ಬೆಲ್ಜಿಯಂನ ಲಿಯೇಜ್ ಊರಿನದು, ಮೇಲೆ ಲಂಡನ್ ಎಂದಿದ್ದರೂ ಸರಿ.

ಹೀಗೆ ಸಿಗುವುದು ಒಂದೇ ವರ್ಷವಲ್ಲ, ಎರಡು ವರ್ಷಗಳ ನಡುವಿನ ಅವಧಿ. ಅದನ್ನು ಇನ್ನಷ್ಟು ಕಿರಿದು ಮಾಡಲು ಕಂಪನಿಯ ಹೆಸರು ಆಗ ನೆರವಾಗುತ್ತದೆ. ವೆಬ್ಲಿ ಮತ್ತು ಸ್ಕಾಟ್ ಕಂಪನಿಗಳು ಒಂದಾದದ್ದು 1897ರಲ್ಲಿ, ಆದ್ದರಿಂದ ಆ ಜೋಡಿ ಹೆಸರಿನ ಬಂದೂಕು ಅದಕ್ಕಿಂತ ಹಳೆಯದಾಗಲಾರದು. ಹೊರಗೆ ಕುದುರೆ ಇದೆ ಎಂದ ಮಾತ್ರಕ್ಕೆ ಬಹಳ ಹಳೆಯದು ಅಂದುಕೊಳ್ಳಬೇಡಿ. ಕುದುರೆ ಒಳಗಿರುವ ಆನ್ಸನ್-ಡೀಲಿ ಏರ್ಪಾಡು 1875ರಲ್ಲಿ ಬಂದರೂ ಹೊರಗುದುರೆಯ ಬಂದೂಕುಗಳು 20ನೇ ಶತಮಾನದಲ್ಲೂ ತಯಾರಾದವು. ನಳಿಗೆಯ ಸಂಖ್ಯೆ ಮತ್ತು ಹಿಂಭಾಗದ ಕಬ್ಬಿಣದ ಸಂಖ್ಯೆ ಒಂದೇ ಇದೆಯೇ ನೋಡಿ. ಬೇರೆಯಾಗಿದ್ದರೆ ನಳಿಗೆ ಬದಲಾಗಿದೆ, ಮುದ್ರೆಯ ವರ್ಷ ನಳಿಗೆಗೆ ಮಾತ್ರ ಸಲ್ಲುತ್ತದೆ.

ನಳಿಗೆಯ ಮೈಮೇಲೆ ಸುರುಳಿ ಸುರುಳಿಯಾಗಿ ಗೆರೆಗಳಿದ್ದರೆ ಅದು ಡಮಾಸ್ಕಸ್: ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದದ್ದು. ಹೊರಗೆ ಚೆಂದ ಕಂಡರೂ ಬೆಸುಗೆಯ ಸಂದಿನಲ್ಲಿ ಒಳಗಿಂದ ತುಕ್ಕು ತಿಂದಿರಬಹುದು. ಅದರಲ್ಲಿ ಇಂದಿನ ತೋಟಾ ಹಾರಿಸಲೇಬೇಡಿ. ಉಕ್ಕಿನ ನಳಿಗೆಯಾದರೂ ಕೋಣೆಯನ್ನು ಅಳೆಸಿ. ಹಳೆಯ 12 ಬೋರ್ ಕೋಣೆ ಹೆಚ್ಚಾಗಿ 65 ಮಿ.ಮೀ., ಇಂದಿನ ಬಹುತೇಕ ತೋಟಾ 70 ಮಿ.ಮೀ. ಮಡಚಿದ ಬಾಯಿಯ ಕಾರಣ ಅದು ಒಳಗೆ ಸಲೀಸಾಗಿ ಕೂರುತ್ತದೆ. ಹಾರುವಾಗ ಆ ಬಾಯಿ ಬಿಚ್ಚಿಕೊಂಡು ಮುಂದಿನ ಇಕ್ಕಟ್ಟಿಗೆ ತೂರುತ್ತದೆ, ಒತ್ತಡ ಏರುತ್ತದೆ.

ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎಂದು ನೀವು ಬರೆದಿಲ್ಲ. ಅದು ತೀರಿಹೋದವರ ಹೆಸರಿನಲ್ಲೇ ಇದ್ದರೆ, ಆಯುಧ ಕಾಯ್ದೆಯ 21ನೇ ಕಲಮಿನಂತೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಿರಿ. ವಾರಸುದಾರರ ಲೈಸೆನ್ಸಿಗೆ ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಈ ಕೆಲಸ ಮೊದಲು. ಮುದ್ರೆಗಳನ್ನು ಠೇವಣಿ ಇಟ್ಟ ಕಡೆಯಲ್ಲೇ, ಅವರ ಎದುರೇ ನೋಡಬಹುದು. ಆಗ ತೆಗೆದ ಫೋಟೋ ಇಲ್ಲಿ ಹಾಕುವುದಾದರೆ ಸಂಖ್ಯೆಯ ಕೊನೆಯ ಎರಡು ಅಂಕಿ ಮುಚ್ಚಿ ಹಾಕಿ, ಓದಿ ಹೇಳುತ್ತೇನೆ.