ಧಾತು ಸಂವತ್ಸರ ಎಂದರೆ ಯಾವ ಧಾತು?

ಮುತ್ತಾತನ ಹೆಸರಿನ ಮೂರು ಕಾಗದ ಸಿಕ್ಕಿವೆ, ಶಾಲೆಯ ದಾಖಲೆಯಂತೆ ಅವರು ಹುಟ್ಟಿದ್ದು 1908, ಪಿಂಚಣಿ ಪುಸ್ತಕದಂತೆ 1911, ಜಮೀನಿನ ಹಳೆಯ ಪತ್ರ ನೋಡಿದರೆ ಅದಕ್ಕೂ ಮೂವತ್ತು ವರ್ಷ ಹಿಂದಿನವರು ಅನ್ನಿಸುತ್ತದೆ, ಸರ್ಕಾರಿ ದಾಖಲೆ ಎಂದು ಶಾಲೆಯದನ್ನೇ ಒಪ್ಪಿಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಒಪ್ಪಿಕೊಳ್ಳಬೇಡಿ. ನಾನು ಹಾಗೆ ಒಂದನ್ನು ಒಪ್ಪಿ, ಉಳಿದದ್ದಕ್ಕೆ ಅಡ್ಡಗೆರೆ ಎಳೆದು, ಅರವತ್ತು ಪ್ರತಿ ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಿದವನು.

ನಮ್ಮ ಮೂಲ ಬಿಡದಿ ಬಳಿಯ ಒಂದು ಹಳ್ಳಿ. ತಾತ ಓದಲೆಂದು ಬೆಂಗಳೂರಿಗೆ ಬಂದು, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಹಿಡಿದು ಬಸವನಗುಡಿಯಲ್ಲಿ ಮನೆ ಮಾಡಿದರು. ಊರಿನ ಜಮೀನಿನ ಬಗ್ಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಥೆ: ಬರ ಬಂತು, ಒತ್ತೆ ಇಟ್ಟರು, ಹೋಯಿತು. ಯಾವ ಬರ, ಇಟ್ಟವರು ಯಾರು ಎಂದು ಯಾರೂ ಕೇಳಿರಲಿಲ್ಲ. 2017ರಲ್ಲಿ ನಾನು ಕೇಳಲು ಹೊರಟೆ.

ಊರಿನ ದಾಯಾದಿಯೊಬ್ಬರು ಭೋಗ್ಯ ಪತ್ರದ, ಅಂದರೆ ಜಮೀನು ಒತ್ತೆ ಇಟ್ಟ ಕಾಗದದ, ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರು. ಮಡಿಕೆಗಳಲ್ಲಿ ಸವೆದು ತೂತು ಬಿದ್ದ ಛಾಪಾ ಕಾಗದ, ಮೋಡಿ ಲಿಪಿಯ ಹಾಗೆ ಓಡಿಸಿ ಬರೆದ ಕನ್ನಡ. ‘ಧಾತು ನಾಮ ಸಂವತ್ಸರದ ಮಾಘ ಬಹುಳ ಪಂಚಮಿಯಲ್ಲು’ ಎಂದು ಆರಂಭ. ಬರೆದುಕೊಟ್ಟವರ ನಿಜ ಹೆಸರು ಬೇಡ, ರಂಗಪ್ಪ ಎಂದಿಟ್ಟುಕೊಳ್ಳಿ. ರಂಗಪ್ಪ ನನ್ನ ತಾತನ ತಾತನ ಹೆಸರು.

ಧಾತು ಎಂದು ಓದಿದ ಕೂಡಲೇ ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಧಾತು–ಈಶ್ವರದ ಬರ! 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಒಣಗಿಸಿದ ಬರವನ್ನು ಹಿರಿಯರು ಸಂವತ್ಸರದ ಹೆಸರಿನಿಂದಲೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಕುಸಿದಿತ್ತು. ಮನೆಯ ಕಥೆಯಲ್ಲಿ ಬರ, ಕಾಗದದಲ್ಲಿ ಧಾತು, ಸಹಿಯಲ್ಲಿ ರಂಗಪ್ಪ. ಇನ್ನೇನು ಬೇಕು?

ಅಡ್ಡ ಬಂದದ್ದು ಒಂದು ಕಂದಾಯ ರಸೀದಿ. ಇಸವಿ 1941, ಹೆಸರು ಅದೇ ರಂಗಪ್ಪ. ಆದರೆ ತಾತನ ತಾತ 1898ರ ಪ್ಲೇಗಿನಲ್ಲಿ ತೀರಿಕೊಂಡರು ಎಂದು ಅಜ್ಜಿ ಹೇಳುತ್ತಿದ್ದರು. ಬೆಂಗಳೂರಿಗೆ ಬಸವನಗುಡಿ, ಮಲ್ಲೇಶ್ವರಗಳನ್ನು ಕೊಟ್ಟ ಪ್ಲೇಗು ಅದು. ಸತ್ತು ನಲವತ್ತಮೂರು ವರ್ಷವಾದವರು ಕಂದಾಯ ಕಟ್ಟುವುದು ಹೇಗೆ? ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು: ಖಾತೆ ಬದಲಾಯಿಸದೆ ಸತ್ತವರ ಹೆಸರಿನಲ್ಲೇ ಕಂದಾಯ ಕಟ್ಟುವುದು ನಮ್ಮ ಕಡೆ ಏನು ಅಪರೂಪವೇ? ಇಂದಿಗೂ ಎಷ್ಟೋ ಪಹಣಿಗಳಲ್ಲಿ ಮುತ್ತಾತಂದಿರು ಚಿರಂಜೀವಿಗಳು. ಹೀಗೆ ಆ ರಸೀದಿಯ ಬಾಯಿ ಮುಚ್ಚಿಸಿದೆ.

ತಾತನ ಅಣ್ಣನನ್ನು ಎಲ್ಲರೂ ಪುಟ್ಟಪ್ಪ ಎನ್ನುತ್ತಿದ್ದರು. ಅವರ ಹೆಸರಿನಲ್ಲಿ ಒಂದು ಚೂರು ಕಾಗದವೂ ಸಿಗಲಿಲ್ಲ. ಹಳ್ಳಿಯಲ್ಲೇ ಉಳಿದವರು, ದಾಖಲೆ ಎಲ್ಲಿಂದ ಬರಬೇಕು ಎಂದು ಅವರಿಗೆ ಸಣ್ಣದೊಂದು ಚೌಕ ಕೊಟ್ಟು ಮುಂದೆ ಹೋದೆ.

ಚಾಮರಾಜಪೇಟೆಯ ಛತ್ರವೊಂದರಲ್ಲಿ ಬಂಧುಗಳ ಕೂಟ. ಆರಡಿ ಉದ್ದದ ಫ್ಲೆಕ್ಸಿನ ಮೇಲೆ ವಂಶವೃಕ್ಷ. ತಾತನ ತಾತನ ಚೌಕದ ಕೆಳಗೆ ಕೆಂಪು ಅಕ್ಷರದಲ್ಲಿ ‘ಧಾತು ಬರದಲ್ಲಿ ಮಕ್ಕಳನ್ನು ಉಳಿಸಲು ಜಮೀನು ಒತ್ತೆ ಇಟ್ಟವರು’ ಎಂದು ಬರೆಸಿದ್ದೆ. ‘ಮಕ್ಕಳನ್ನು ಉಳಿಸಲು’ ಎಂಬುದು ಪೂರ್ತಿ ನನ್ನ ಸ್ವಂತ ಸೇರ್ಪಡೆ. ಪುಟ್ಟಪ್ಪನವರ ಮಗಳು, ನನಗೆ ಅತ್ತೆಯಾಗಬೇಕು, ಎಂಬತ್ತೈದರ ಆಸುಪಾಸು, ಕಿವಿಯ ಹಿಂದೆ ದಾರ ಕಟ್ಟಿದ ಕನ್ನಡಕ ಸರಿಪಡಿಸಿಕೊಂಡು ಫ್ಲೆಕ್ಸಿನ ಮುಂದೆ ನಿಂತರು. ಬೆರಳಿಟ್ಟು ಒಂದೊಂದೇ ಚೌಕ ಓದಿದರು. ತಂದೆಯ ಚೌಕದ ಮೇಲೆ ಬೆರಳು ನಿಂತಿತು.

‘ಇದು ಕರೆಯುವ ಹೆಸರು. ಶಾಲೆಯಲ್ಲಿ, ಕಾಗದದಲ್ಲಿ ನಮ್ಮಪ್ಪ ರಂಗಪ್ಪ.’

ಆಮೇಲೆ ಬೆರಳು ನಿಧಾನವಾಗಿ ಮೇಲಕ್ಕೆ ಹೋಗಿ ಕೆಂಪು ಅಕ್ಷರವನ್ನು ಮುಟ್ಟಿತು.

‘ಒತ್ತೆ ಇಟ್ಟಿದ್ದು ಇವರಲ್ಲ, ನಮ್ಮಪ್ಪ. ಬರಕ್ಕಲ್ಲ, ನಿನ್ನ ತಾತನ ಕಾಲೇಜಿಗೆ.’

ಅಷ್ಟು ಹೇಳಿ ಊಟದ ಪಂಕ್ತಿಯಲ್ಲಿ ಹೋಗಿ ಕುಳಿತರು.

ನನ್ನ ತಪ್ಪು ಏನೆಂದು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ನೀವು ಅದೇ ಹೊಂಡದ ಅಂಚಿನಲ್ಲಿದ್ದೀರಿ. ಸಂವತ್ಸರಗಳು ಅರವತ್ತು, ಮುಗಿದ ಮೇಲೆ ಮತ್ತೆ ಅವೇ ಹೆಸರುಗಳು. ಧಾತು 1876–77ರಲ್ಲಿ ಬಂತು, 1936–37ರಲ್ಲಿ ಬಂತು, 1996–97ರಲ್ಲೂ ಬಂತು. ಇದು ಗೊತ್ತಿಲ್ಲದವನೇನಲ್ಲ ನಾನು. ಅಪ್ಪನ ಷಷ್ಟ್ಯಬ್ದಿ ಮಾಡಿಸಿದವನು. ಗೊತ್ತಿದ್ದೂ ಇನ್ನೊಂದು ಧಾತುವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಏಕೆಂದರೆ ಮೊದಲನೆಯ ಧಾತುವಿನಲ್ಲಿ ಕಥೆ ಚೆನ್ನಾಗಿತ್ತು. ಅದರ ಜೊತೆಗೆ ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ತಾತನಿಗೂ ಮೊಮ್ಮಗನಿಗೂ ಸರಿಸುಮಾರು ಅರವತ್ತು ವರ್ಷದ ಅಂತರ. ಹೆಸರು ಮರಳಿ ಬರುವ ಹೊತ್ತಿಗೆ ಸಂವತ್ಸರವೂ ಮರಳಿ ಬಂದಿರುತ್ತದೆ! ಇದಕ್ಕಿಂತ ಚೊಕ್ಕವಾದ ಬಲೆಯನ್ನು ಯಾರೂ ಹೆಣೆಯಲಾರರು.

ಅಂಥ ಮೊಮ್ಮಗನನ್ನು ಮನೆಯಲ್ಲಿ ಆ ಹೆಸರಿನಿಂದ ಕೂಗುವಂತಿಲ್ಲ. ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದಲ್ಲ. ಹೆತ್ತ ಮಗನಿಗೆ ಆ ಹೆಸರಿದ್ದರೂ ಹೇಳಬಾರದು. ಆದ್ದರಿಂದ ಅವನು ಪುಟ್ಟಪ್ಪ, ಸಣ್ಣಪ್ಪ, ಬುಡ್ಡಪ್ಪ ಏನೋ ಒಂದು ಆಗುತ್ತಾನೆ. ಪುಟ್ಟಪ್ಪನಿಗೆ ಕಾಗದವೇ ಇಲ್ಲ, ರಂಗಪ್ಪನಿಗೆ ಮಾತ್ರ ಅಗತ್ಯಕ್ಕಿಂತ ಹೆಚ್ಚು ಕಾಗದ ಎಂಬುದೇ ನನಗೆ ಕಾಣಬೇಕಿದ್ದ ಸುಳಿವು.

ಇನ್ನೂ ನಾಚಿಕೆಗೇಡಿನ ಸಂಗತಿ ಚಕ್ಕುಬಂದಿಯದು. ಪತ್ರದ ಕೊನೆಯಲ್ಲಿ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ ಬರೆದಿರುತ್ತಾರಲ್ಲ, ಅದನ್ನು ನಾನು ಓದಿದ್ದೆ, ಟೈಪ್ ಕೂಡ ಮಾಡಿಟ್ಟಿದ್ದೆ: ‘ಪಶ್ಚಿಮಕ್ಕೆ ರೈಲು ಕಂಬಿ ರಸ್ತೆ’. ಬೆಂಗಳೂರು–ಮೈಸೂರು ರೈಲು ಓಡಿದ್ದು 1881–82ರಲ್ಲಿ. ಆ ಮಾರ್ಗದ ಕೆಲಸ ಶುರುವಾದದ್ದೇ ಬರಗಾಲದಲ್ಲಿ ಜನರಿಗೆ ಕೂಲಿ ಕೊಡಲು. ಮಾಘ ಮಾಸ ಎಂದರೆ ಇಸವಿ ಮುಂದಿನದಕ್ಕೆ ಹೊರಳಿರುತ್ತದೆ, ಹಾಗಾಗಿ ಹಳೆಯ ಧಾತುವಿನ ಮಾಘ 1877ರ ಆರಂಭ. ಆಗ ಬಿಡದಿಯಲ್ಲಿ ಕಂಬಿ ಎಲ್ಲಿತ್ತು? ಅಂದರೆ ಕಾಗದವೇ ಬಾಯಿಬಿಟ್ಟು 1937 ಎಂದು ಹೇಳುತ್ತಿತ್ತು. ಆಮೇಲೆ ಊರಿಗೆ ಹೋಗಿ ಮೂಲ ಪತ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಾಗ ಹಿಂಬದಿಯಲ್ಲಿ ನೋಂದಣಿಯ ಷರಾ, ಇಂಗ್ಲಿಷ್ ತಾರೀಖಿನೊಂದಿಗೆ, ಸ್ಪಷ್ಟವಾಗಿ ಕಂಡಿತು. ದಾಯಾದಿ ಫೋಟೊ ತೆಗೆದಿದ್ದು ಮುಂಬದಿ ಮಾತ್ರ. ಹಿಂದೆ ಏನಿದೆ ಎಂದು ನಾನು ಕೇಳಿರಲಿಲ್ಲ.

ಅತ್ತೆ ಛತ್ರದಿಂದ ಹೊರಡುವಾಗ ಇನ್ನೊಂದು ಮಾತು ಹೇಳಿದ್ದರು: ತಾತನ ಖರ್ಚಿಗೆ ಕಳುಹಿಸಿದ ಮನಿಯಾರ್ಡರ್ ರಸೀದಿಗಳೂ ಅಪ್ಪನ ಲೆಕ್ಕದ ಪುಸ್ತಕವೂ ಟ್ರಂಕಿನಲ್ಲಿವೆ, ಬಂದು ನೋಡು. ಅತ್ತೆ ಇದ್ದ ವಿಜಯನಗರ ಬಡಾವಣೆ ನಮ್ಮ ಮನೆಯಿಂದ ಎಷ್ಟು ದೂರ? ಹೋಗಲಿಲ್ಲ. ಹಂಚಿದ ಅರವತ್ತು ಪ್ರತಿಗಳನ್ನು ನೆನೆದರೆ ಮುಖ ಬಿಸಿಯಾಗುತ್ತಿತ್ತು. ತಿದ್ದಿದ ಪ್ರತಿ ಕೈಯಲ್ಲಿ ಹಿಡಿದೇ ಹೋಗೋಣ ಎಂದು ಎರಡು ವರ್ಷ ತಳ್ಳಿದೆ. 2019ರಲ್ಲಿ ಅತ್ತೆ ಹೋದರು. ಹನ್ನೊಂದನೆಯ ದಿನ ಟ್ರಂಕಿನ ಬಗ್ಗೆ ಕೇಳಿದರೆ, ಮನೆ ಖಾಲಿ ಮಾಡುವಾಗ ಹಳೆಯ ಪೇಪರಿನವನಿಗೆ ತೂಕಕ್ಕೆ ಹಾಕಿದ್ದಾಯಿತು ಎಂದರು.

ಇನ್ನು ನಿಮ್ಮ ಕಾಗದಗಳಿಗೆ ಬರುತ್ತೇನೆ. 1908 ಮತ್ತು 1911ರ ಜಗಳ ಜಗಳವೇ ಅಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಡುಗನನ್ನು ಕಣ್ಣಳತೆಯಲ್ಲಿ ನೋಡಿ ವರ್ಷ ಬರೆಯುತ್ತಿದ್ದರು. ನಮ್ಮ ಹಿರಿಯರಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದಕ್ಕೋ ಜುಲೈ ಒಂದಕ್ಕೋ ಹುಟ್ಟಿದ್ದು ಹಾಗೆ. ನೌಕರಿಗೆ ಸೇರುವಾಗ ಎರಡು ಮೂರು ವರ್ಷ ಚಿಕ್ಕವರಾದರೆ ನಿವೃತ್ತಿ ಅಷ್ಟು ತಡ. ಎರಡೂ ದಾಖಲೆಗಳು ಆಯಾ ಕೆಲಸಕ್ಕೆ ಬೇಕಾದಷ್ಟು ನಿಜ ಹೇಳಿವೆ. ಹುಟ್ಟಿದ ದಿನ ತಿಳಿಸುವುದು ಎರಡರ ಕೆಲಸವೂ ಆಗಿರಲಿಲ್ಲ. ಸರ್ಕಾರಿ ಮೊಹರು ಬಿದ್ದ ಕಾಗದ ಹೆಚ್ಚು ಸತ್ಯ ಎಂಬ ನಿಮ್ಮ ನಂಬಿಕೆಯನ್ನು ಮೊದಲು ಬಿಡಿ. ಮೊಹರು ಹಾಕಿದವರು ಹೆರಿಗೆಯ ಕೋಣೆಯ ಬಾಗಿಲಲ್ಲಿ ನಿಂತಿರಲಿಲ್ಲ. ಆ ವರ್ಷವನ್ನು ಯಾರು ಹೇಳಿದರು, ಯಾರಿಗೆ ಹೇಳಿದರು, ಹೇಳಿದ್ದರಿಂದ ಅವರಿಗೆ ಏನು ದಕ್ಕುತ್ತಿತ್ತು ಎಂದು ಕೇಳಿಕೊಳ್ಳಿ.

‘ಎರಡು ಕಡೆ ಒಂದೇ ಇಸವಿ ಇದ್ದರೆ ಅದೇ ಸರಿ’ ಎನ್ನುವವರ ಮಾತನ್ನೂ ಕೇಳಬೇಡಿ. ಒಂದನ್ನು ನೋಡಿ ಇನ್ನೊಂದನ್ನು ಬರೆದಿದ್ದರೆ ಅದು ಎರಡು ಸಾಕ್ಷಿಯಾಗುವುದಿಲ್ಲ. ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರವನ್ನು ಖಾತೆಗೆ ಬಳಸಿ, ಇತಿಹಾಸಕ್ಕೆ ಬೇಡ. ಅದು ನಿಂತಿರುವುದೇ ಅರ್ಜಿದಾರರ ಪ್ರಮಾಣ ಮತ್ತು ಊರವರ ಮಹಜರಿನ ಮೇಲೆ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂದ 1994ರ ತಿದ್ದುಪಡಿಗೆ ಮುಂಚಿನ ಎಷ್ಟೋ ವಂಶವೃಕ್ಷಗಳಲ್ಲಿ ಗಂಡಸರು ಗಂಡಸರನ್ನೇ ಹೆತ್ತಿದ್ದಾರೆ. ಜನಗಣತಿಯಲ್ಲಿ ಹುಡುಕುತ್ತೇನೆ ಎಂದು ಹೊರಡಬೇಡಿ, ಮನೆ ಮನೆಯ ಪಟ್ಟಿಯನ್ನು ನಮ್ಮಲ್ಲಿ ಯಾರಿಗೂ ತೋರಿಸುವುದಿಲ್ಲ. ಹಿರಿಯರು ಬೆಂಗಳೂರಿನ ದಂಡಿನ (ಕಂಟೋನ್ಮೆಂಟಿನ) ಕಡೆ ತೀರಿಕೊಂಡಿದ್ದರೆ ಪೇಟೆಯ ಮರಣದ ಪುಸ್ತಕದಲ್ಲಿ ಹುಡುಕಿ ಸುಸ್ತಾಗಬೇಡಿ. 1949ರವರೆಗೆ ಪೇಟೆಗೂ ದಂಡಿಗೂ ಪುರಸಭೆಗಳೇ ಬೇರೆ ಬೇರೆ.

ನಾನು ಕಣ್ಣುಮುಚ್ಚಿ ನಂಬುವುದು ಶ್ರಾದ್ಧದ ತಿಥಿಯೊಂದನ್ನು. ಇಸವಿ ಎಲ್ಲರೂ ಮರೆಯುತ್ತಾರೆ, ಆದರೆ ವರ್ಷಾ ವರ್ಷ ಅಡುಗೆ ಮಾಡಿ ಎಡೆ ಇಟ್ಟವರು ತಿಥಿ ಮರೆಯುವುದಿಲ್ಲ. ಒಂದೇ ಹೆಸರಿಗೆ ಎರಡು ತಿಥಿ ಇದೆಯೇ ಎಂದು ಮನೆಯ ಹೆಂಗಸರನ್ನು ಕೇಳಿ. ನಾನು ಕೇಳಿದ್ದರೆ ಅಜ್ಜಿ ಒಂದೇ ನಿಮಿಷದಲ್ಲಿ ಇಬ್ಬರು ರಂಗಪ್ಪಂದಿರನ್ನು ಎರಡು ಎಲೆಗಳ ಮುಂದೆ ಕೂರಿಸುತ್ತಿದ್ದರು.

ಮೂವತ್ತು ವರ್ಷ ಹಿಂದಕ್ಕೆ ಎಳೆಯುವ ಆ ಜಮೀನಿನ ಪತ್ರ ಮಾತ್ರ ನನ್ನ ನಿದ್ದೆಗೆಡಿಸುತ್ತಿದೆ. ಮೂರು ವರ್ಷದ ವ್ಯತ್ಯಾಸ ಕೈತಪ್ಪು. ಮೂವತ್ತು ವರ್ಷದ್ದು ಬಹುಮಟ್ಟಿಗೆ ಇನ್ನೊಬ್ಬ ಮನುಷ್ಯ. ಸದ್ಯಕ್ಕೆ ಮೂರನ್ನೂ ಪೆನ್ಸಿಲಿನಲ್ಲಿ ಬರೆದಿಡಿ, ಯಾವುದನ್ನೂ ಹೊಡೆದು ಹಾಕಬೇಡಿ, ಅಚ್ಚಿಗಂತೂ ಕೊಡಲೇಬೇಡಿ. ಆ ಪತ್ರದಲ್ಲಿ ಇರುವುದು ಇಸವಿಯೋ ಸಂವತ್ಸರವೋ, ಹಿಂಬದಿಯಲ್ಲಿ ಏನಿದೆ, ಚಕ್ಕುಬಂದಿಯಲ್ಲಿ ಯಾವ ರಸ್ತೆ ಯಾವ ಕೆರೆ ಬರುತ್ತದೆ, ಮುಖ್ಯವಾಗಿ ನಿಮ್ಮ ಮುತ್ತಾತನನ್ನು ಅವರ ತಾಯಿ ಏನೆಂದು ಕರೆಯುತ್ತಿದ್ದರು, ಇಷ್ಟನ್ನು ತಿಳಿದುಕೊಂಡು ಬರೆಯಿರಿ. ನಿಮ್ಮಲ್ಲಿ ಇನ್ನೂ ಯಾರಾದರೂ ಅತ್ತೆ ಇದ್ದರೆ ಈ ಭಾನುವಾರವೇ ಹೋಗಿ.