ಕೈ ನಡುಗಿದ್ದೋ, ನಡುಗಿಸಿದ್ದೋ?

ಪ್ರಶ್ನೆ: ಕ್ಯಾಮೆರಾವನ್ನು ಬೇಕೆಂದೇ ಅಲುಗಿಸಿ ತೆಗೆಯುವ ‘ಐಸಿಎಂ’ ಫೋಟೊಗಳ ಹುಚ್ಚು ಹಿಡಿದಿದೆ. ಮನೆಯ ಅಡಿಕೆ ತೋಟ, ಮಲ್ಪೆ ಬೀಚ್ ಸೇರಿ ಇನ್ನೂರರ ಮೇಲೆ ತೆಗೆದೆ. ಅಣ್ಣ ನೋಡಿ “ಕೈ ನಡುಗಿತಾ?” ಎಂದ. ಮೂರು ಚಿತ್ರ ಕಳಿಸಿದ್ದೇನೆ. ಎಲ್ಲಿ ತಪ್ಪುತ್ತಿದೆ?
– ಓದುಗರೊಬ್ಬರು, ಕಟಪಾಡಿ

ಉತ್ತರ: ಅಣ್ಣನ ಮೇಲೆ ಸಿಟ್ಟಾಗಬೇಡಿ ಮಾರಾಯ್ರೆ, ಮೊದಲ ಚಿತ್ರ ನೋಡಿದಾಗ ನನಗೂ ಹಾಗೇ ಅನಿಸಿತು. ಅದರಲ್ಲಿ ಅಡಿಕೆ ಮರಗಳೆಲ್ಲ ಬುಡದ ಹತ್ತಿರ ಕೊಕ್ಕೆಯ ಹಾಗೆ ಬಾಗಿವೆ. ನೀವು ಬಟನ್ ಒತ್ತಿ, ಆಮೇಲೆ ಕ್ಯಾಮೆರಾ ಎತ್ತಿದ್ದೀರಿ. ಎತ್ತುವಾಗಿನ ಮೊದಲ ಕುಲುಕು ಹಾಗೇ ಅಚ್ಚಾಗಿದೆ. ಉದ್ಯಾವರ ಹೊಳೆಯಲ್ಲಿ ಬೀಸುಬಲೆ ಹಾಕುವವರನ್ನು ನೋಡಿದ್ದೀರಲ್ಲ, ಬಲೆ ಕೈಬಿಟ್ಟ ಮೇಲೂ ತೋಳು ಮುಂದೆ ಹೋಗುತ್ತಲೇ ಇರುತ್ತದೆ. ಇಲ್ಲಿಯೂ ಹಾಗೇ. ಮೊದಲು ಕೈ ಓಡಬೇಕು, ಓಟದ ನಡುವೆ ಬಟನ್ ಒತ್ತಬೇಕು, ಶಟರ್ ಮುಚ್ಚಿದ ಸದ್ದು ಕೇಳಿದ ಮೇಲೂ ಕೈ ನಿಲ್ಲಬಾರದು.

ಎರಡನೆಯ ತಪ್ಪು ಸಮಯದ್ದು. ಫೈಲಿನಲ್ಲಿ ಶಟರ್ 2 ಸೆಕೆಂಡ್, ಎಫ್ 22 (ಬೆಳಕು ಬಿಡುವ ಕಿಂಡಿ, ಅಂದರೆ ಅಪರ್ಚರ್, ತೀರ ಕಿರಿದು) ಎಂದಿದೆ. ಅಷ್ಟು ಹೊತ್ತಿಗೆ ತೋಟವೆಲ್ಲ ಹಸಿರು ಗಂಜಿ. ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡಿನೊಳಗೆ ಆಡಿ. ಮಳೆ ಬಿಟ್ಟು ಮೋಡ ಮುಚ್ಚಿರುವಾಗ ತೋಟದೊಳಗೆ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ 100, ಎಫ್ 11 ಇಟ್ಟರೆ ಬೆಳಕು ತಗ್ಗಿಸುವ ಫಿಲ್ಟರ್ ಇಲ್ಲದೆಯೇ ಕಾಲು ಸೆಕೆಂಡಿನ ಆಸುಪಾಸು ಸಿಗುತ್ತದೆ. ಆ ಹೊತ್ತಿಗೆ ಅಡಿಕೆ ಮರ ನೋಡುವುದೇ ಚಂದ: ಮಳೆ ಹೊಡೆದ ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲಲ್ಲಿ ಬಿಳಿ ಕಲೆಗಳು, ಗೇಣಿಗೊಂದರಂತೆ ಹಾಳೆ ಬಿದ್ದ ಗುರುತಿನ ಬಳೆಗಳು. ಕ್ಯಾಮೆರಾ ನೇರ ಮೇಲಕ್ಕೆ ಹೋದರೆ ಬಳೆಗಳು ಅಳಿಸಿಹೋಗಿ, ಕಪ್ಪು-ಬಿಳಿ ಗೆರೆಗಳಷ್ಟೇ ಉಳಿಯುತ್ತವೆ. ಮರದ ಗೆರೆಯ ಜೊತೆಗೇ ಕೈ ಹೋದದ್ದರಿಂದ ಮರ ಮರವಾಗಿಯೇ ಕಾಣುತ್ತದೆ. ಸೋಗೆಯ ಸಂದಿಯ ಆಕಾಶವನ್ನು ಮಾತ್ರ ಚೌಕಟ್ಟಿನೊಳಗೆ ಬಿಡಬೇಡಿ, ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ ಬೀಳುತ್ತದೆ.

ಕಡಲಿನ ಚಿತ್ರದಲ್ಲಿ ಮೇಲ್ಗಡೆ ಆರು ಕಪ್ಪು ಚುಕ್ಕೆಗಳಿವೆ, ಎಣಿಸಿದೆ. ಹಕ್ಕಿಗಳಲ್ಲ, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲಿನ ಧೂಳು. ಕ್ಯಾಮೆರಾ ಎಷ್ಟು ಓಡಿದರೂ ಧೂಳು ಅದರ ಜೊತೆಗೇ ಓಡುತ್ತದಾದ್ದರಿಂದ ಅದೊಂದೇ ಅಲುಗದೆ ಉಳಿಯುತ್ತದೆ. ಎಫ್ 22ರಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಬೀಚಿನಲ್ಲಿ ಎಫ್ 16, ಐಎಸ್‌ಒ 100 ಇಟ್ಟರೂ 1/125 ಸೆಕೆಂಡೇ ಸಾಕಾಗುವಷ್ಟು ಬೆಳಕಿರುತ್ತದೆ. ಅದಕ್ಕೆ ಅಪರ್ಚರ್ ಮುಚ್ಚುತ್ತಾ ಹೋಗುವುದು ಮದ್ದಲ್ಲ. ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜು, ಅಂದರೆ 6 ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದರೆ ಅರ್ಧ ಸೆಕೆಂಡ್ ಸಿಗುತ್ತದೆ. ಇಲ್ಲವಾದರೆ ಸಂಜೆವರೆಗೆ ಕಾಯಿರಿ, ಖರ್ಚಿಲ್ಲ. ಕೈ ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಷನ್ ಆಫ್ ಮಾಡಿ. ಮಣಿಕಟ್ಟಿನಿಂದಲ್ಲ, ಕಾಲು ಅಗಲಿಸಿ ನಿಂತು ಸೊಂಟದಿಂದ ತಿರುಗಿ. ಆಗ ಕಡಲಂಚು ಓರೆಯಾಗುವುದಿಲ್ಲ.

ಮೂರನೆಯ ಚಿತ್ರ, ದೋಣಿಯದು. ಇದರಲ್ಲಿ ಏನೋ ಉಂಟು. ದೋಣಿ ಅರ್ಧ ಕರಗಿ, ಅರ್ಧ ಉಳಿದಿದೆ. ಆಕಸ್ಮಿಕವಾಗಿ ಬಂದದ್ದು ಅಂತ ಗುಮಾನಿ. ಬೇಕೆಂದೇ ಮಾಡಬೇಕಾದರೆ ನಾನು ಮೇಲೆ ಹೇಳಿದ್ದಕ್ಕೆ ತದ್ವಿರುದ್ಧ ಮಾಡಬೇಕು: 1 ಸೆಕೆಂಡ್ ಇಟ್ಟು, ಮೊದಲರ್ಧ ಉಸಿರು ಕಟ್ಟಿ ಸುಮ್ಮನೆ ನಿಲ್ಲಿ, ಉಳಿದರ್ಧದಲ್ಲಿ ಕಡಲಿನ ಉದ್ದಕ್ಕೆ ಎಳೆಯಿರಿ. ದೋಣಿಯ ನೆರಳಿನಂಥದ್ದೊಂದು ಉಳಿದು, ಬಣ್ಣ ನೀರಿಗೆ ಹರಿಯುತ್ತದೆ. ಜೂನ್-ಜುಲೈ, ಮೀನುಗಾರಿಕೆಗೆ ರಜೆ ಇರುವಾಗ ಮಲ್ಪೆ ಬಂದರಿನಲ್ಲಿ ಸಾಲುಗಟ್ಟಿ ನಿಂತ ಬೋಟುಗಳ ಮೇಲೆ ಇದನ್ನು ಮಾಡಿ ನೋಡಿ. ಮೀನಿನ ವಾಸನೆ ಸ್ವಲ್ಪ ತಡೆದುಕೊಳ್ಳಬೇಕು.

ಇನ್ನೂರು ಎಂದಿರಲ್ಲ, ಅದಕ್ಕೊಂದು ಮಾತು. ನನ್ನ ಮೊದಲ ‘ಐಸಿಎಂ’ ಫಿಲ್ಮ್ ರೀಲ್ ಕಾಲದ್ದು. ಮದುವೆಯೊಂದರಲ್ಲಿ ಶಟರ್ 1/8ಕ್ಕೆ ಇಟ್ಟದ್ದು ಮರೆತು ಆರತಿಯ ಹೆಂಗಸರನ್ನೆಲ್ಲ ದೀಪದ ಗೆರೆಗಳಾಗಿಸಿಬಿಟ್ಟೆ. ಮದುಮಗಳ ತಂದೆ ಆ ರೀಲಿನ ದುಡ್ಡು ಕೊಡಲಿಲ್ಲ. ನ್ಯಾಯವೇ. ಆದರೆ ಆ ರೀಲಿನ 36ರಲ್ಲಿ ಒಂದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ನೀವೂ ಒಂದು ಸಲಕ್ಕೆ 36ಕ್ಕೇ ನಿಲ್ಲಿಸಿ. ಹತ್ತು ತೆಗೆದು, ಕೂತು ನೋಡಿ, ಕೈಯ ವೇಗವನ್ನೋ ಶಟರ್ ಸಮಯವನ್ನೋ ಒಂದನ್ನು ಮಾತ್ರ ಬದಲಿಸಿ ಮತ್ತೆ ಹತ್ತು.

ಪ್ರಶ್ನೆ: ದಸರಾ ಹುಲಿವೇಷವನ್ನು ಮೊಬೈಲಿನಲ್ಲೇ ಹೀಗೆ ತೆಗೆಯಬಹುದೇ?
– ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: ಶಟರ್ ಸಮಯವನ್ನು ನಾವೇ ಇಡಬಹುದಾದ ಪ್ರೊ ಮೋಡ್ ಇದ್ದರೆ ಆಗುತ್ತದೆ, ಕತ್ತಲಾದ ಮೇಲೆ. 1/15 ಇಟ್ಟು ಹುಲಿಯ ಜೊತೆಗೇ ತಿರುಗಿ. ತಾಸೆ ವಾದ್ಯದ ಬಡಿತಕ್ಕೆ ಹುಲಿ ತಿರುಗುವ ಲೆಕ್ಕ ನಾಲ್ಕು ಸುತ್ತಿನಲ್ಲಿ ಕಿವಿಗೆ ಸಿಕ್ಕಿಬಿಡುತ್ತದೆ, ಅಲ್ಲಿಯವರೆಗೆ ಮೊಬೈಲ್ ಜೇಬಿನಲ್ಲಿರಲಿ.