ಇಂಗ್ಲಿಷ್ ಟೆಂಪ್ಲೇಟ್‌ಗಳನ್ನು ಎಕ್ಸ್‌ಎಸ್‌ಎಲ್‌ಟಿ (ಟ್ಯಾಗ್ ಹಾಕಿದ ಫೈಲ್‌ಗಳನ್ನು ನಿಯಮದ ಪ್ರಕಾರ ಬದಲಿಸುವ ಭಾಷೆ) ಬರೆದು, ಪದಗಳ ಪಟ್ಟಿ ಇಟ್ಟು ಹುಡುಕಿ ಬದಲಿಸಿ, ಒಂದೇ ಏಟಿಗೆ ಕನ್ನಡ ಮಾಡಬಹುದೇ? ಅದನ್ನು ಓಡಿಸೋಕೆ ಯಾವ ಪ್ರೊಸೆಸರ್ (ತಂತ್ರಾಂಶ) ಒಳ್ಳೆಯದು?

ನಾನೂ ಹೀಗೇ ಶುರು ಮಾಡಿದ್ದು. ಲಿಬ್ರೆಆಫೀಸ್ ರೈಟರ್‌ನ 60 ಓಟಿಟಿ ಫೈಲ್‌ಗಳಿದ್ದವು (ಸಿನಿಮಾ ಓಟಿಟಿ ಅಲ್ಲ, ಟೆಂಪ್ಲೇಟ್). ಮಾತುಗಳನ್ನು ರೈಟರ್‌ನಲ್ಲೇ ಕೂತು ಕನ್ನಡ ಮಾಡಿದ್ದೆ. ಒಬ್ಬರು ಕರಡು ತಿದ್ದಿಕೊಟ್ಟಿದ್ದರು. ಭಾಷೆ ಮತ್ತು ಫಾಂಟಿನ ಗುರುತು ಬದಲಿಸುವುದಷ್ಟೇ ಬಾಕಿ.

ಓಟಿಟಿ ಅಂದರೆ ಒಂದು ಜಿಪ್. ಬಿಚ್ಚಿದರೆ ಕಂಟೆಂಟ್, ಸ್ಟೈಲ್ಸ್ ಅಂತ ಎಕ್ಸ್‌ಎಂಎಲ್ (ಟ್ಯಾಗ್ ಹಾಕಿದ) ಫೈಲ್‌ಗಳು ಸಿಗುತ್ತವೆ. ಎಲ್ಲವನ್ನೂ ಇದ್ದ ಹಾಗೇ ನಕಲು ಮಾಡಿ, ಬೇಕಾದ ಆಟ್ರಿಬ್ಯೂಟ್ (ಟ್ಯಾಗಿನೊಳಗಿನ ಗುರುತು) ಮಾತ್ರ ಬದಲಿಸುವ ಸ್ಟೈಲ್‌ಶೀಟ್ (ಎಕ್ಸ್‌ಎಸ್‌ಎಲ್‌ಟಿ ನಿಯಮಗಳ ಫೈಲ್) ಬರೆದೆ. ಔಟ್‌ಪುಟ್ ಓದೋಕೆ ಸುಲಭ ಆಗಲಿ ಅಂತ ಇಂಡೆಂಟ್ (ಸಾಲು ಒಡೆದು ಜೋಡಿಸುವುದು) ‘ಯೆಸ್’ ಅಂತ ಹಾಕಿದೆ. ಒಂದು ಫೈಲ್ ತೆರೆದು ನೋಡಿದೆ, ಚೆನ್ನಾಗಿತ್ತು. 60 ಫೈಲನ್ನೂ ಕಳಿಸಿಬಿಟ್ಟೆ.

ಕೆಲವು ದಿನ ಬಿಟ್ಟು ಫೋನ್ ಬಂತು. ‘ದಿನಾಂಕ’ ಒಡೆದುಹೋಗಿದೆಯಂತೆ. ತೆರೆದರೆ ‘ದಿನ’, ಆಮೇಲೆ ಖಾಲಿ ಜಾಗ, ಚುಕ್ಕಿಗಳ ಉಂಗುರಕ್ಕೆ ಅಂಟಿಕೊಂಡ ದೀರ್ಘ, ಸೊನ್ನೆ, ಮತ್ತೆ ಖಾಲಿ ಜಾಗ, ‘ಕ’. ಎರಡು ದಿನ ಸುಮ್ನೆ ಫಾಂಟನ್ನು ಬೈದೆ.

ತಪ್ಪು ಆ ‘ಯೆಸ್’ನಲ್ಲಿತ್ತು. ರೈಟರ್ ಪ್ರತಿ ಸಲದ ತಿದ್ದುಪಡಿಗೂ ಒಂದು ಗುಪ್ತ ಸಂಖ್ಯೆ ಅಂಟಿಸುತ್ತದೆ, ಆರ್‌ಎಸ್‌ಐಡಿ ಅಂತ. ನಾನು ‘ದಿನಂಕ’ ಅಂತ ಟೈಪ್ ಮಾಡಿದ್ದೆ, ಕರಡು ತಿದ್ದಿದವರು ಸೊನ್ನೆ ಅಳಿಸಿ ದೀರ್ಘ, ಸೊನ್ನೆ ಹಾಕಿದ್ದರು. ಕಣ್ಣಿಗೆ ಒಂದೇ ಪದ. ಫೈಲಿನೊಳಗೆ ಮೂರು ಸ್ಪ್ಯಾನ್ (ಟ್ಯಾಗ್ ಸುತ್ತಿದ ತುಂಡು). ಇಂಡೆಂಟ್ ಹಾಕಿದಾಗ ಎಕ್ಸ್‌ಎಸ್‌ಎಲ್‌ಟಿಪ್ರಾಕ್ (ನಾನು ಬಳಸಿದ ಪ್ರೊಸೆಸರ್) ಪ್ರತಿ ಸ್ಪ್ಯಾನನ್ನೂ ಹೊಸ ಸಾಲಿಗೆ ತಳ್ಳಿತು. ಪ್ಯಾರಾ ಒಳಗಿನ ಹೊಸ ಸಾಲು ಓಡಿಎಫ್ (ಲಿಬ್ರೆಆಫೀಸಿನ ಫೈಲ್ ಮಾದರಿ) ಲೆಕ್ಕದಲ್ಲಿ ಒಂದು ಸ್ಪೇಸ್. ಸ್ಪ್ಯಾನ್‌ಗಳ ಪಕ್ಕದಲ್ಲಿ ಬಿಡಿ ಅಕ್ಷರಗಳೂ ಇದ್ದ ಪ್ಯಾರಾವನ್ನು ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಮುಟ್ಟುವುದಿಲ್ಲ, ಬರೀ ಸ್ಪ್ಯಾನ್‌ಗಳೇ ಇದ್ದರೆ ಒಡೆಯುತ್ತದೆ. ನಾನು ತೆರೆದು ನೋಡಿದ್ದು ತಿದ್ದುಪಡಿಯೇ ಇಲ್ಲದ ಫೈಲ್! ಅಂದರೆ ಆ ಮನುಷ್ಯ ಕಷ್ಟಪಟ್ಟು ಸರಿ ಮಾಡಿದ್ದ ಪದಗಳನ್ನೇ ಹುಡುಕಿ ಹುಡುಕಿ ಒಡೆದಿದ್ದೆ.

ಗಾಬರಿಯಲ್ಲಿ ಸ್ಟ್ರಿಪ್-ಸ್ಪೇಸ್ (ಟ್ಯಾಗ್‌ಗಳ ನಡುವಿನ ಬರೀ ಖಾಲಿ ಜಾಗ ಅಳಿಸುವ ಆದೇಶ) ಬೇರೆ ಹಾಕಿದೆ. ಆಗ ಎರಡು ಸ್ಪ್ಯಾನ್‌ಗಳ ನಡುವೆ ನಿಜವಾಗಿ ಬೇಕಿದ್ದ ಸ್ಪೇಸೂ ಹೋಯಿತು.

ಟೆಂಪ್ಲೇಟ್ ಸರಿ ಮಾಡೋದು ಒಂದು ನಿಮಿಷದ ಕೆಲಸ, ಇಂಡೆಂಟ್ ‘ನೋ’ ಅಷ್ಟೇ. ಆದರೆ ಟೆಂಪ್ಲೇಟ್‌ನಿಂದ ಆಗಲೇ ಹುಟ್ಟಿದ ಪತ್ರಗಳಿಗೆ ಒಡೆದ ಪದ ನಕಲಾಗಿ ಹೋಗಿರುತ್ತದೆ, ಅದು ತಾನಾಗಿ ಸರಿಯಾಗಲ್ಲ. ಒಂದೊಂದನ್ನೂ ತೆರೆದು ಕೈಯಲ್ಲೇ ತಿದ್ದಿದೆ.

ಈಗ ನಿಮ್ಮ ಯೋಜನೆ. ಇಂಗ್ಲಿಷ್ ಪದಗಳ ಪಟ್ಟಿಯನ್ನು ಸ್ಟೈಲ್‌ಶೀಟ್ ಒಳಗಿಟ್ಟು ಹುಡುಕಿ ಬದಲಿಸ್ತೀನಿ ಅಂತೀರಿ. ಬೇಡ. ಇಂಗ್ಲಿಷ್ ಪದಗಳೂ ಹೀಗೇ ತುಂಡಾಗಿರಬಹುದು, ಆಗ ‘ಇನ್‌ವಾಯ್ಸ್’ ಅಂತ ಹುಡುಕಿದರೆ ಸಿಗಲ್ಲ, ಎರರ್ ಕೂಡ ಬರಲ್ಲ. ಅನುವಾದಕ್ಕೆ ಟ್ರಾನ್ಸ್‌ಲೇಟ್ ಟೂಲ್‌ಕಿಟ್‌ನ ಓಡಿಎಫ್-ಟು-ಎಕ್ಸ್‌ಲಿಫ್ (ಅನುವಾದಿಸಬೇಕಾದ ಮಾತನ್ನು ಬೇರೆ ಫೈಲಿಗೆ ತೆಗೆದುಕೊಡುವ ಸಾಧನ) ಇದೆ, ಮಾತು ಅಲ್ಲಿರಲಿ. ಎಕ್ಸ್‌ಎಸ್‌ಎಲ್‌ಟಿಗೆ ಭಾಷೆ, ಫಾಂಟಿನ ಕೆಲಸ ಮಾತ್ರ ಕೊಡಿ. ಅಲ್ಲೂ ಮಾಮೂಲಿ ಲ್ಯಾಂಗ್ವೇಜ್ ಆಟ್ರಿಬ್ಯೂಟ್ ಬದಲಿಸಿದರೆ ಕನ್ನಡಕ್ಕೆ ಏನೂ ಆಗಲ್ಲ. ರೈಟರ್ ಲೆಕ್ಕದಲ್ಲಿ ಕನ್ನಡ ‘ಕಾಂಪ್ಲೆಕ್ಸ್’ ಲಿಪಿ, ಹಾಗಾಗಿ ಹೆಸರಿನ ಕೊನೆಗೆ ‘ಕಾಂಪ್ಲೆಕ್ಸ್’ ಇರುವ ಭಾಷೆ, ದೇಶ, ಫಾಂಟ್ ಆಟ್ರಿಬ್ಯೂಟ್‌ಗಳನ್ನೇ ಬದಲಿಸಬೇಕು. ಹೆಡರ್, ಫೂಟರ್ ಮಾತುಗಳು ಸ್ಟೈಲ್ಸ್ ಫೈಲಿನಲ್ಲಿರುತ್ತವೆ, ಅದನ್ನೂ ಮರೀಬೇಡಿ.

ತಿದ್ದೋಕೆ ಕೂರುವ ಮೊದಲೇ ರೈಟರ್‌ನ ಆಪ್ಷನ್ಸ್‌ನಲ್ಲಿ ಕಂಪ್ಯಾರಿಸನ್‌ಗೆ ಹೋಗಿ ಆ ಗುಪ್ತ ಸಂಖ್ಯೆ ಉಳಿಸುವ ಟಿಕ್ ತೆಗೆದುಬಿಡಿ.

ಪ್ರೊಸೆಸರ್ ಯಾವುದಾದರೂ ನಡೆಯುತ್ತೆ. ವಾಪಸ್ ಜಿಪ್ ಮಾಡುವಾಗ ಮೈಮ್‌ಟೈಪ್ (ಇದು ಯಾವ ಬಗೆಯ ಫೈಲ್ ಅಂತ ಹೇಳುವ) ಫೈಲನ್ನು ಎಲ್ಲಕ್ಕಿಂತ ಮೊದಲು, ಕುಗ್ಗಿಸದೆ ಸೇರಿಸಿ.